ನನಗೇಕೆ ಎಂದವನು

ಕನ್ನಡ ಮೇಷ್ಟರ ಕೈಚೀಲದಲ್ಲಿ ಏನೇನಿರಬೇಕೆಂಬ ವಿಷಯದಲ್ಲಿ ಲೋಕಕ್ಕೆ ಖಚಿತವಾದ ಅಭಿಪ್ರಾಯವಿದೆ. ಒಂದು ಪಂಪಭಾರತ, ತಿದ್ದದೆ ಉಳಿದ ಉತ್ತರಪತ್ರಿಕೆಗಳ ಕಟ್ಟು, ಹೆಚ್ಚೆಂದರೆ ಒಂದು ಕೊಡೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ನನ್ನ ಚೀಲ ಬಾಯ್ದೆರೆದು ಬಿದ್ದಾಗ ಅದರಿಂದ ಜಾರಿ ಬಂದದ್ದು ಮಾತ್ರ ಕೆಂಪು ನೀಲಿ ಅಂಗಿಯ ಸ್ಪೈಡರ್‌ಮ್ಯಾನ್. "ಮಗನಿಗೋ?" ಎಂದರು ಇತಿಹಾಸದ ಮೇಷ್ಟರು. ಹೌದೆಂದು ಹೇಳಿ ಪಾರಾಗಬಹುದಿತ್ತು. "ಅಲ್ಲ, ನನಗೇ" ಎಂದೆ. ಅವರು ಕನ್ನಡಕದ ಮೇಲಿನಿಂದ ನನ್ನನ್ನೊಮ್ಮೆ ನೋಡಿ ಮತ್ತೆ ಪತ್ರಿಕೆಯಲ್ಲಿ ಮುಳುಗಿದರು.

ನಿಜ ಹೇಳಬೇಕೆಂದರೆ ಈ ಅತಿಮಾನವರ ಸಾಹಸಗಳಲ್ಲಿ ನನಗೆ ಅಂಥ ಆಸಕ್ತಿಯೇನೂ ಇಲ್ಲ. ಒಂದು ಗುದ್ದಾಟ ನೋಡಿದರೆ ನೂರು ನೋಡಿದಂತೆಯೇ. ನನಗೆ ಬೇಕಾದದ್ದು ಅವರ ಹುಟ್ಟಿನ ಕಥೆ. ಇವನು ಹೀಗೇಕಾದ ಎಂಬ ಕಥೆ. ಭಾರತ ಓದುವಾಗಲೂ ನನ್ನದು ಇದೇ ಚಾಳಿ. ಯುದ್ಧಪರ್ವಗಳಿಗಿಂತ ಆದಿಪರ್ವದಲ್ಲಿಯೇ ನನ್ನ ಪುಟಗಳು ಹೆಚ್ಚು ಸವೆದಿವೆ.

ಎಲ್ಲರಿಗೂ ಹಿರಿಯನಾದ ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, ಅಮೆರಿಕದ 'ಆಕ್ಷನ್ ಕಾಮಿಕ್ಸ್' ಎಂಬ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಕಥೆ ಬರೆದವನು ಜೆರ್ರಿ ಸೀಗಲ್, ಚಿತ್ರ ಬರೆದವನು ಜೋ ಶುಸ್ಟರ್. ಇಬ್ಬರೂ ಕ್ಲೀವ್‌ಲ್ಯಾಂಡ್ ಊರಿನ ಹುಡುಗರು. ಹುಟ್ಟಿನ ಕಥೆಗೆ ಅವರಿಗೆ ಒಂದೇ ಪುಟ ಸಾಕಾಯಿತು. ದೂರದ ಗ್ರಹವೊಂದು ಮುಪ್ಪಿನಿಂದ ನಾಶವಾಗುತ್ತಿದೆ. ತಂದೆ ಮಗುವನ್ನು ಆಕಾಶನೌಕೆಯಲ್ಲಿಟ್ಟು ಭೂಮಿಗೆ ಕಳುಹಿಸುತ್ತಾನೆ. ದಾರಿಹೋಕನೊಬ್ಬ ಎತ್ತಿಕೊಂಡು ಅನಾಥಾಲಯಕ್ಕೆ ಒಪ್ಪಿಸುತ್ತಾನೆ. ಕರ್ಣನನ್ನು ಹೊಳೆಗೆ ಬಿಟ್ಟ ಕಥೆಯನ್ನು ವರ್ಷ ವರ್ಷವೂ ಪಾಠ ಮಾಡುವವನಿಗೆ ಇದು ಹೊಸದೆನಿಸೀತೆ? ಹೊಳೆಯ ಬದಲು ಆಕಾಶ, ಅಷ್ಟೆ. ಆಗ ಅವನಿಗೆ ಹಾರಲು ಬರುತ್ತಿರಲಿಲ್ಲ. ಮೈಲಿಯ ಎಂಟನೆಯ ಒಂದು ಪಾಲು, ಎಂದರೆ ಸರಿಯಾಗಿ ಒಂದು ಫರ್ಲಾಂಗು ನೆಗೆಯುತ್ತಿದ್ದ. ಓದುಗರು ನಂಬಬೇಕೆಂದು ಇರುವೆಯನ್ನೂ ಮಿಡತೆಯನ್ನೂ ಸಾಕ್ಷಿಗೆ ಕರೆದಿದ್ದಾರೆ: ಇರುವೆ ತನ್ನ ತೂಕದ ನೂರಾರು ಪಟ್ಟು ಹೊರುವುದಿಲ್ಲವೆ ಎಂದು! ಇಂಥವನ ಹಕ್ಕನ್ನು ಆ ಹುಡುಗರು ಮಾರಿದ್ದು 130 ಡಾಲರಿಗೆ. ಸೀಗಲ್ಲನ ತಂದೆ 1932ರಲ್ಲಿ, ತನ್ನ ಬಟ್ಟೆಯಂಗಡಿಗೆ ಕಳ್ಳರು ನುಗ್ಗಿದ ವೇಳೆಯಲ್ಲಿ, ಹೃದಯ ನಿಂತು ತೀರಿಕೊಂಡನೆಂಬುದು ತಿಳಿದ ಮೇಲೆ, ಗುಂಡು ತಾಗದ ಆ ಎದೆಯನ್ನು ನಾನು ಮೊದಲಿನಂತೆ ನೋಡಲಾರೆ.

ಎರಡನೆಯವನು ಬ್ಯಾಟ್‌ಮ್ಯಾನ್. 1939ರ ಮೇ ತಿಂಗಳ 'ಡಿಟೆಕ್ಟಿವ್ ಕಾಮಿಕ್ಸ್'ನಲ್ಲಿ ಅವನು ಕಾಣಿಸಿಕೊಂಡರೂ ಹುಟ್ಟಿನ ಕಥೆ ಬಂದದ್ದು ನವೆಂಬರಿನಲ್ಲಿ, ಎರಡೇ ಪುಟಗಳಲ್ಲಿ. ಸಿನಿಮಾ ನೋಡಿ ಮರಳುತ್ತಿದ್ದ ತಂದೆ ತಾಯಿಗಳನ್ನು ದರೋಡೆಗಾರನೊಬ್ಬ ಮಗನೆದುರಿಗೇ ಗುಂಡಿಕ್ಕುತ್ತಾನೆ. ಹುಡುಗ ಮೇಣದ ಬತ್ತಿಯ ಬೆಳಕಿನಲ್ಲಿ ಕೈಮುಗಿದು ಶಪಥ ಮಾಡುತ್ತಾನೆ. ಮುಂದೆ ಬೆಳೆದು, ಯಾವ ವೇಷ ತೊಡಲೆಂದು ಯೋಚಿಸುತ್ತ ಕುಳಿತಾಗ ಕಿಟಕಿಯಿಂದ ಬಾವಲಿಯೊಂದು ಒಳಬರುತ್ತದೆ. ಇವನಿಗೆ ದೈವದತ್ತವಾದ ಶಕ್ತಿ ಏನೂ ಇಲ್ಲ. ಇರುವುದು ದುಃಖ ಮತ್ತು ಹಟ. ಇದರ ಕಥೆಗಾರ ಬಿಲ್ ಫಿಂಗರ್ ಸತ್ತದ್ದು 1974ರಲ್ಲಿ. ಸೃಷ್ಟಿಕರ್ತನೆಂದು ಬಾಬ್ ಕೇನನ ಹೆಸರಿನ ಪಕ್ಕದಲ್ಲಿ ಅವನ ಹೆಸರೂ ಅಚ್ಚಾಗತೊಡಗಿದ್ದು 2015ರಲ್ಲಿ. ಅನಾಥರ ಕಥೆ ಬರೆದವನ ಹೆಸರೂ ಅನಾಥವಾಗಿಯೇ ಇತ್ತೆನ್ನಬೇಕು.

ಇಬ್ಬರ ಮೇಲೂ ನನಗೆ ಗೌರವವಿದೆ. ಆದರೆ ಗೌರವ ಬೇರೆ, ಸಲಿಗೆ ಬೇರೆ. ಒಬ್ಬ ಹುಟ್ಟಿನಿಂದಲೇ ದೊಡ್ಡವನು; ಇನ್ನೊಬ್ಬನಿಗೆ ಅನ್ಯಾಯವಾಯಿತು. ಇಬ್ಬರೂ ತಪ್ಪು ಮಾಡಿದವರಲ್ಲ. ನನ್ನವನು ಮೂರನೆಯವನು, ಚೀಲದಿಂದ ಜಾರಿ ಬಿದ್ದವನು.

ಸ್ಟ್ಯಾನ್ ಲೀ ಬರೆದು ಸ್ಟೀವ್ ಡಿಟ್ಕೊ ಚಿತ್ರಿಸಿದ ಈ ಹನ್ನೊಂದು ಪುಟದ ಕಥೆ 1962ರ ಆಗಸ್ಟ್ ತಿಂಗಳ 'ಅಮೇಜಿಂಗ್ ಫ್ಯಾಂಟಸಿ'ಯ 15ನೆಯ ಸಂಚಿಕೆಯಲ್ಲಿ ಬಂತು. ಪತ್ರಿಕೆಗೆ ಅದೇ ಕೊನೆಯ ಸಂಚಿಕೆ. ಪೀಟರ್ ಪಾರ್ಕರ್ ತಬ್ಬಲಿ ಹುಡುಗ. ದೊಡ್ಡಪ್ಪ ದೊಡ್ಡಮ್ಮಂದಿರ ಅಕ್ಕರೆಯಲ್ಲಿ ಬೆಳೆದವನು. ಜತೆಯವರಿಗೆಲ್ಲ ಹಾಸ್ಯದ ವಸ್ತು. ವಿಕಿರಣಕ್ಕೆ ಸಿಕ್ಕಿದ ಜೇಡವೊಂದು ಕಚ್ಚಿ ಅವನಿಗೆ ಜೇಡನ ಶಕ್ತಿ ಬರುತ್ತದೆ. ಅವನು ಮಾಡಿದ ಮೊದಲ ಕೆಲಸ ಲೋಕೋದ್ಧಾರವಲ್ಲ. ಕುಸ್ತಿಯಾಡಿ ಹಣ ಗೆಲ್ಲುತ್ತಾನೆ, ಟೆಲಿವಿಷನ್ನಿನಲ್ಲಿ ಕುಣಿಯುತ್ತಾನೆ. ಮನೆಯ ಇಬ್ಬರು ಸುಖವಾಗಿದ್ದರೆ ಸರಿ, ಮಿಕ್ಕವರು ಹೇಗಾದರೂ ಇರಲಿ ಎಂಬುದು ಅವನ ಸಂಕಲ್ಪ. ನಾವು ತಿಂಗಳ ಸಂಬಳದವರು ಈ ಸಂಕಲ್ಪವನ್ನು ಜೇಡ ಕಚ್ಚದೆಯೇ ಮಾಡಿರುತ್ತೇವೆ.

ಒಂದು ದಿನ ಕಳ್ಳನೊಬ್ಬ ಅವನ ಪಕ್ಕದಲ್ಲಿಯೇ ಓಡಿ ಹೋಗುತ್ತಾನೆ. ಹಿಂದೆ ಪೋಲೀಸಿನವನು. ಕಾಲು ಅಡ್ಡ ಕೊಟ್ಟಿದ್ದರೂ ಸಾಕಿತ್ತು, ಕೊಡುವುದಿಲ್ಲ. ಏಕೆ ತಡೆಯಲಿಲ್ಲವೆಂದು ಕೇಳಿದರೆ, ಅದು ನಿನ್ನ ಕೆಲಸ, ನನಗೇಕೆ ಎಂಬರ್ಥದ ಉತ್ತರ. ಕೆಲವು ದಿನಗಳಾದ ಮೇಲೆ ಮನೆಗೆ ಬಂದರೆ ಕಳ್ಳನ ಕೈಯಲ್ಲಿ ದೊಡ್ಡಪ್ಪ ಕೊಲೆಯಾಗಿದ್ದಾನೆ. ಬೆನ್ನಟ್ಟಿ ಹಿಡಿದು ಮುಖ ನೋಡಿದರೆ ಅದೇ ಕಳ್ಳ. ದೊಡ್ಡ ಶಕ್ತಿಯ ಬೆನ್ನಿಗೆ ದೊಡ್ಡ ಹೊಣೆಯೂ ಬರುತ್ತದೆಂಬ ಪ್ರಸಿದ್ಧವಾದ ಮಾತು ಮೊದಲ ಕಥೆಯಲ್ಲಿ ದೊಡ್ಡಪ್ಪನ ಬಾಯಲ್ಲಿಲ್ಲ. ಕೊನೆಯ ಚೌಕದಲ್ಲಿ ಕಥೆಗಾರ ಹೇಳಿದ್ದು. ಅದೇ ಸರಿ ಎಂದು ನನಗೆ ತೋರುತ್ತದೆ. ಮೊದಲೇ ಯಾರಾದರೂ ಬುದ್ಧಿ ಹೇಳಿದ್ದರೆ ಹುಡುಗ ಎಚ್ಚೆತ್ತುಕೊಳ್ಳುತ್ತಿದ್ದ. ಬುದ್ಧಿ ಬರುವುದು ಕೊನೆಯ ಚೌಕದಲ್ಲಿಯೇ.

ಹನ್ನೆರಡು ವರ್ಷಗಳ ಹಿಂದೆ ಒಂದು ಸಂಜೆ ನಾನು ಚೀಲ ಹೆಗಲಿಗೇರಿಸಿ ಹೊರಟಿದ್ದೆ. ಐದೂವರೆಯ ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಅರ್ಧ ಗಂಟೆ ಕಾಯಬೇಕು. ಬಾಗಿಲಲ್ಲಿ ಎರಡನೆಯ ವರ್ಷದ ಹುಡುಗನೊಬ್ಬ ನಿಂತಿದ್ದ. ಪರೀಕ್ಷೆಯ ಫೀಸು ಕಟ್ಟಲು ಅಂದೇ ಕಡೆಯ ದಿನ. ಎರಡು ದಿನ ಅವಕಾಶ ಕೊಡುವಂತೆ ಆಫೀಸಿನಲ್ಲಿ ಒಂದು ಮಾತು ಹೇಳಬೇಕಂತೆ. "ನೋಡಪ್ಪಾ, ಅದು ಆಫೀಸಿನವರ ವ್ಯವಹಾರ. ನಾನು ಮಧ್ಯೆ ಬರೋಕಾಗಲ್ಲ" ಎಂದೆ. "ಆಗ್ಲಿ ಸಾರ್" ಎಂದು ಬದಿಗೆ ಸರಿದು ದಾರಿ ಬಿಟ್ಟ. ಬಸ್ಸು ಸಿಕ್ಕಿತು, ಕಿಟಕಿಯ ಪಕ್ಕದ ಸೀಟೂ ಸಿಕ್ಕಿತು. ಅದೇ ದಿನ ಬೆಳಿಗ್ಗೆ ನಾನು ಆ ತರಗತಿಗೆ ಕರ್ಣನ ಔದಾರ್ಯವನ್ನು ಕುರಿತು ಪಾಠ ಹೇಳಿದ್ದೆ.

ಹುಡುಗ ಮತ್ತೆ ತರಗತಿಗೆ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಲವು ವಾರ ಅವನ ಹೆಸರಿನ ಮುಂದೆ ಸೊನ್ನೆ ಬರೆದೆ, ಆಮೇಲೆ ಹೆಸರೂ ಹೋಯಿತು.

ಹೋದ ವರ್ಷ ಹೆದ್ದಾರಿಯಲ್ಲಿ ಸ್ಕೂಟರು ಪಂಕ್ಚರಾಯಿತು. ತಳ್ಳಿಕೊಂಡು ಹೋದ ಅಂಗಡಿಯಲ್ಲಿ ಟೈರು ಬಿಚ್ಚಲು ಕುಳಿತವನು ತಲೆಯೆತ್ತಿ "ನಮಸ್ಕಾರ ಸಾರ್" ಎಂದ. ಗುರುತು ಹಿಡಿಯಲು ನನಗೆ ಅಷ್ಟು ಹೊತ್ತು ಬೇಕಾಗಲಿಲ್ಲ. ಕಾಲೇಜಿನ ಕ್ಷೇಮ ವಿಚಾರಿಸಿದ. ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಗುಳ್ಳೆ ಏಳುವ ಕಡೆ ಬೆರಳಿಟ್ಟು, ಅಚ್ಚುಕಟ್ಟಾಗಿ ಕೆಲಸ ಮುಗಿಸಿದ. ಹಣ ಕೊಟ್ಟೆ, ಚಿಲ್ಲರೆ ಎಣಿಸಿ ಹಿಂದಕ್ಕೆ ಕೊಟ್ಟ. ಬೇಡವೆಂದಿದ್ದರೆ ಎಂದು ಒಳಗೊಳಗೇ ಹೆದರಿದ್ದೆ.

ಅವನು ಕಾಲೇಜು ಬಿಟ್ಟದ್ದು ಆ ಫೀಸಿಗಾಗಿಯೋ, ಬೇರೆ ಕಾರಣವಿತ್ತೋ? ಒಂದು ಪ್ರಶ್ನೆ ಕೇಳಿದ್ದರೆ ತಿಳಿಯುತ್ತಿತ್ತು. ಕೇಳಲಿಲ್ಲ. ಪೀಟರ್ ಪಾರ್ಕರ್ ಕಳ್ಳನ ಮುಖವನ್ನು ಬೆಳಕಿಗೆ ಹಿಡಿದು ನೋಡಿದ. ನಾನು ಹೆಲ್ಮೆಟ್ಟು ಹಾಕಿಕೊಂಡು ಹೊರಟುಬಂದೆ. ಆ ಚಿತ್ರಕಥೆ ನನ್ನ ಚೀಲ ಸೇರಿದ್ದು ಆ ವಾರವೇ.

ಮೇಷ್ಟರ ಕೈಯಲ್ಲಿ ಇರುವ ಶಕ್ತಿಯಾದರೂ ಎಷ್ಟು? ಗೋಡೆ ಹತ್ತಲಾರೆ, ಫರ್ಲಾಂಗು ನೆಗೆಯಲಾರೆ. ಒಂದು ಸಹಿ, ಆಫೀಸಿನ ಕಿಟಕಿಯಲ್ಲಿ ಒಂದು ಮಾತು, ಜೇಬಿನಲ್ಲಿ ಇದ್ದರೆ ಇನ್ನೂರು ಮುನ್ನೂರು ರೂಪಾಯಿ. ಅಷ್ಟಕ್ಕೆ ತಕ್ಕ ಹೊಣೆಯೂ ಅಷ್ಟೇ ಇರಬೇಕು. ಈಗ ಸಂಜೆಯ ವೇಳೆ ಬಾಗಿಲಲ್ಲಿ ಯಾರಾದರೂ ಹುಡುಗರು ನಿಂತರೆ ಚೀಲವನ್ನು ಹೆಗಲಿನಿಂದ ಇಳಿಸಿ ಮೇಜಿನ ಮೇಲಿಡುತ್ತೇನೆ. ಅರ್ಧ ಗಂಟೆಗೆ ಇನ್ನೊಂದು ಬಸ್ಸಿದೆ.