ಖಾಲಿ ಕಾಲಮ್ಮಿಗೊಂದು ಸೊನ್ನೆ

ನನ್ನ ಮಗಳು ಡ್ರೈವರ್ ಬರೆಯುತ್ತಾಳೆ ಎಂದು ನಾನು ಮೊದಲ ಸಲ ಸ್ಟಾಫ್ ರೂಮಿನಲ್ಲಿ ಹೇಳಿದಾಗ ನಮ್ಮ ಹಿಂದಿ ಮೇಡಂ ಟಿಫಿನ್ ಡಬ್ಬಿಯ ಮುಚ್ಚಳ ಕೈಯಲ್ಲೇ ಹಿಡಿದುಕೊಂಡು, "ಬರೆಯೋದಾ? ಓಡಿಸೋದಲ್ವಾ?" ಎಂದು ಕೇಳಿದ್ದರು. ಅವರ ತಪ್ಪೇನಲ್ಲ. ನಮ್ಮ ಊರಿನಲ್ಲಿ ಡ್ರೈವರ್ ಎಂದರೆ ಬೆಳಗಿನ ಏಳೂವರೆ ಬಸ್ಸಿನವನೇ ಹೊರತು ಬೇರೆ ಯಾರೂ ಅಲ್ಲ. ಕಂಪ್ಯೂಟರಿನೊಳಗೂ ಡ್ರೈವರುಗಳಿವೆ ಎಂಬುದು ನನಗಾದರೂ ಎಷ್ಟು ದಿನದಿಂದ ಗೊತ್ತು? ಪ್ರಿಂಟರು, ಕ್ಯಾಮೆರಾ, ಕೀಲಿಮಣೆ, ಒಳಗಿನ ಪುಟ್ಟ ಫ್ಯಾನು, ಹೀಗೆ ಒಂದೊಂದು ಉಪಕರಣವನ್ನೂ ಮಾತನಾಡಿಸಲು ಅದರ ಭಾಷೆ ಬಲ್ಲ ಒಂದೊಂದು ಪ್ರೋಗ್ರಾಮು ಬೇಕಂತೆ. ಅದಕ್ಕೆ ಡಿವೈಸ್ ಡ್ರೈವರ್ ಎಂದು ಹೆಸರು. ನನ್ನ ಮಗಳ ಅನ್ನ ಅದರಿಂದ.

ಹೋದ ದಸರಾ ರಜೆಗೆ ಬೆಂಗಳೂರಿನ ಅವಳ ಬಾಡಿಗೆ ಮನೆಗೆ ಹೋಗಿದ್ದೆ. ರಾತ್ರಿ ಹನ್ನೊಂದು ಹೊಡೆದರೂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ತೆರೆದೇ ಇತ್ತು. ಪರದೆಯ ಮೇಲೆ ಅಕ್ಷರಗಳ ಸಾಲು ಸರಸರನೆ ಏರಿ ಹೋಗುತ್ತಿತ್ತು. ನಡುನಡುವೆ ಒಂದು ಪದ ಮಾತ್ರ ನೇರಳೆ ಬಣ್ಣದಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು: ವಾರ್ನಿಂಗ್.

"ಏನೇ ಇದು, ಇಷ್ಟೊಂದು ಬೈಸ್ಕೊಳ್ತಾ ಇದ್ದೀಯ?"

"ಬೈಗುಳ ಅಲ್ಲಮ್ಮ, ಎಚ್ಚರಿಕೆ. ಹೊಸ ಕಂಪೈಲರ್ ಹಾಕಿದ್ದೀವಿ. ಹಿಂದಿನೋರು ನೋಡದೆ ಬಿಟ್ಟಿದ್ದನ್ನೆಲ್ಲ ಎತ್ತಿ ತೋರಿಸ್ತಿದೆ. ನಲವತ್ತಕ್ಕೂ ಮೇಲಿದೆ. ನಾಳೆ ಸಂಜೆಯೊಳಗೆ ಒಂದೂ ಇರಬಾರದು."

ಅವಳು ಬರೆಯುವುದು ಸಿ ಎಂಬ ಭಾಷೆಯಲ್ಲಿ. 1972ರ ಸುಮಾರಿಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನ್ನಿಸ್ ರಿಚಿ ರೂಪಿಸಿದ ಭಾಷೆ ಅದು. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಬಹುಪಾಲು ಅದರಲ್ಲೇ ಇದೆ, ಅದರ ಡ್ರೈವರುಗಳೂ ಹಾಗೆಯೇ. ಮನುಷ್ಯರು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಅದು ತಿರುಗಿಸುತ್ತ ತಿರುಗಿಸುತ್ತ ಕಾಪಿಯನ್ನೂ ತಿದ್ದುತ್ತದೆ. ತಪ್ಪು ಇದ್ದರೆ ಮುಂದೆ ಬಿಡುವುದೇ ಇಲ್ಲ. ಅನುಮಾನ ಬಂದರೆ ಅಡಿಗೆರೆ ಎಳೆದು ಪಾಸು ಮಾಡುತ್ತದೆ. ಆ ಅಡಿಗೆರೆಯೇ ವಾರ್ನಿಂಗ್. ಅರ್ಥಾತ್, ನಮ್ಮ ಜಾತಿಯದೇ!

ಅಂದಿನ ಅಡಿಗೆರೆಗಳೆಲ್ಲ ಒಂದೇ ಬಗೆಯವು. ವೇರಿಯಬಲ್ ಎಂದರೆ ನಮ್ಮ ಬೀಜಗಣಿತದ ಚರಾಕ್ಷರವೇ. ಇಲ್ಲಿ ಅದು ನೆನಪಿನ ಕೋಶದಲ್ಲಿ ಹೆಸರು ಹಚ್ಚಿದ ಒಂದು ಜಾಗ. ಹೆಸರು ಹಚ್ಚಿದ್ದೀರಿ, ಒಳಗೆ ಏನನ್ನೂ ಇಟ್ಟಿಲ್ಲ, ಆದರೂ ತೆಗೆದು ಬಳಸುತ್ತಿದ್ದೀರಲ್ಲ ಎನ್ನುವುದು ಕಂಪೈಲರಿನ ಆಕ್ಷೇಪ.

"ಏನೂ ಇಟ್ಟಿಲ್ಲ ಅಂದ್ರೆ ಖಾಲಿ ತಾನೆ? ಖಾಲಿ ಅಂದ್ರೆ ಸೊನ್ನೆ ತಾನೆ?" ಎಂದೆ.

"ಅಲ್ಲೇ ಇರೋದಮ್ಮ ಪೇಚು. ಖಾಲಿ ಇರಲ್ಲ. ಹಿಂದೆ ಆ ಜಾಗ ಬಳಸಿದೋರು ಏನು ಬಿಟ್ಟು ಹೋಗಿರ್ತಾರೋ ಅದೇ ಇರುತ್ತೆ."

ನನಗೆ ಥಟ್ಟನೆ ಎಂಟನೇ ತರಗತಿಯ ಬೋರ್ಡು ಕಣ್ಣಿಗೆ ಕಟ್ಟಿತು. ಗಣಿತದ ಮೇಷ್ಟ್ರು ಗಂಟೆ ಹೊಡೆದೊಡನೆ ಬೋರ್ಡು ಒರೆಸದೆ ಹೊರಡುತ್ತಾರೆ. ನಾನು ಇತಿಹಾಸ ಹೇಳಲು ಹೋಗಿ, ಒಂದು ಮೂಲೆಯಲ್ಲಿ 'ಮೊದಲನೆಯ ಪಾಣಿಪತ್ ಯುದ್ಧ ನಡೆದ ವರ್ಷ' ಎಂದು ಬರೆದು, ಉತ್ತರವನ್ನು ಮಕ್ಕಳಿಂದಲೇ ಹೇಳಿಸೋಣವೆಂದು ಆ ಕಡೆ ತಿರುಗುತ್ತೇನೆ. ಪಕ್ಕದಲ್ಲಿ ಮೇಷ್ಟ್ರ 625 ಕುಳಿತಿರುತ್ತದೆ. ಹಿಂದಿನ ಬೆಂಚಿನ ಪುಣ್ಯಾತ್ಮ ಅದನ್ನೇ ನೋಟ್ಸಿಗೆ ಇಳಿಸುತ್ತಾನೆ. 1526ರಲ್ಲಿ ನಡೆದ ಯುದ್ಧ ಒಂಬೈನೂರು ವರ್ಷ ಹಿಂದಕ್ಕೆ ಹೋಗುತ್ತದೆ! ಅವನು ಸುಳ್ಳು ಬರೆಯಲಿಲ್ಲ, ಬೋರ್ಡಿನಲ್ಲಿ ಇದ್ದದ್ದನ್ನೇ ಬರೆದ.

ಸಿ ಭಾಷೆ ಬೋರ್ಡು ಒರೆಸಿಕೊಡುವುದಿಲ್ಲ. ಕೆಲವು ಶಾಶ್ವತ ಜಾಗಗಳನ್ನು ಸೊನ್ನೆ ಮಾಡಿಯೇ ಕೊಡುತ್ತದೆ. ಆದರೆ ಒಂದು ಕೆಲಸದ ಮಟ್ಟಿಗೆ ಪಡೆದು ಬಿಟ್ಟುಕೊಡುವ ತಾತ್ಕಾಲಿಕ ಜಾಗಗಳನ್ನು ಇದ್ದ ಹಾಗೆಯೇ ಕೈಗಿಡುತ್ತದೆ. ಪ್ರತಿ ಸಲವೂ ಒರೆಸುತ್ತ ಕುಳಿತರೆ ವೇಗ ಕಡಿಮೆಯಾಗುತ್ತದೆಂದು ಅಂದಿನವರ ಲೆಕ್ಕ. ಹೀಗಾಗಿ ಪರೀಕ್ಷೆ ಮಾಡುವಾಗ ಅಲ್ಲಿ ಅದೃಷ್ಟಕ್ಕೆ ಸರಿಯಾದ ಸಂಖ್ಯೆಯೇ ಉಳಿದಿದ್ದು ಎಲ್ಲ ಚೆನ್ನಾಗಿ ನಡೆಯಬಹುದು. ಗಿರಾಕಿಯ ಮನೆಯಲ್ಲಿ ಇನ್ನೊಂದು ಸಂಖ್ಯೆ ಉಳಿದಿದ್ದು ಯಂತ್ರ ಕೈಕೊಡಬಹುದು. ಇನ್ನೂ ಒಂದು ಅಪಾಯವಿದೆಯಂತೆ. ಅರ್ಧ ತುಂಬಿದ ಅಂಥ ಜಾಗವನ್ನು ಹಾಗೇ ಹೊರಗಿನ ಪ್ರೋಗ್ರಾಮಿಗೆ ಕೊಟ್ಟರೆ, ಹಿಂದಿನವರ ಗುಟ್ಟೂ ಅದರ ಜೊತೆಯಲ್ಲೇ ಹೋಗಿಬಿಡುತ್ತದೆ. ಪಕ್ಕದ ಮನೆಗೆ ಡಬ್ಬಿ ಕೊಡುವಾಗ ತಳದಲ್ಲಿ ನಮ್ಮ ಚೀಟಿ ಉಳಿದುಹೋದಂತೆ.

ಹಾಗಾದರೆ ಕಂಪೈಲರ್ ಹೇಳಿದ್ದೆಲ್ಲ ಸರಿಯೇ? ಅದೂ ಅಲ್ಲ. ಇದರಲ್ಲಿ ಎರಡು ದನಿಗಳಿವೆ. 'ತುಂಬದೆ ಬಳಸಿದ್ದೀರಿ' ಎಂಬುದು ಒಂದು, 'ತುಂಬದೆ ಬಳಸಿರಬಹುದು' ಎಂಬುದು ಇನ್ನೊಂದು. ಜಿಸಿಸಿ ಎಂಬ ಹೆಸರುವಾಸಿ ಕಂಪೈಲರ್ 2012ರಲ್ಲಿ ಇವೆರಡನ್ನು ಬೇರೆ ಬೇರೆ ಮಾಡಿತು. ಎರಡನೆಯದು ನಮ್ಮ ಅಜ್ಜಿಯ ಹಾಗೆ. "ಗ್ಯಾಸ್ ಆರಿಸಿದ್ಯೇನೇ? ಹಿತ್ತಿಲ ಬಾಗಿಲು ಹಾಕಿದ್ಯೇನೇ?" ಹತ್ತು ಸಲ ಕೇಳಿದರೆ ಒಂಬತ್ತು ಸಲ ಹಾಕಿಯೇ ಇರುತ್ತದೆ. ಹತ್ತನೆಯ ಸಲಕ್ಕಾಗಿ ಒಂಬತ್ತನ್ನು ಸಹಿಸಿಕೊಳ್ಳಬೇಕು.

ಎಲ್ಲರಿಗೂ ಆ ಸಹನೆ ಇರುವುದಿಲ್ಲ. ಲಿನಕ್ಸಿನಲ್ಲಿ ಈ ಅಜ್ಜಿಯ ಬಾಯಿ ಮುಚ್ಚಿಸಲೆಂದೇ ಒಂದು ಉಪಾಯ ಮಾಡಿಕೊಂಡಿದ್ದರಂತೆ. ವೇರಿಯಬಲ್ಲಿಗೆ ಅದರ ಬೆಲೆಯನ್ನೇ ಅದಕ್ಕೆ ಕೊಟ್ಟಂತೆ ಬರೆದುಬಿಡುವುದು. ಕೊಟ್ಟವರೂ ಅವರೇ, ತೆಗೆದುಕೊಂಡವರೂ ಅವರೇ. ಕಂಪೈಲರ್ ತೃಪ್ತಿಪಟ್ಟು ಸುಮ್ಮನಾಗುತ್ತಿತ್ತು. ಇದರ ಮರೆಯಲ್ಲಿ ನಿಜವಾದ ತಪ್ಪುಗಳೂ ಅಡಗುತ್ತವೆಂದು 2020ರಲ್ಲಿ ಆ ಉಪಾಯವನ್ನೇ ಕಿತ್ತುಹಾಕಿದರು. ಅದೇ ವರ್ಷ, ಹುಸಿ ಎಚ್ಚರಿಕೆಗಳಿಂದ ಬೇಸತ್ತ ಟೊರ್ವಾಲ್ಡ್ಸ್ 'ಬಳಸಿರಬಹುದು' ಎಂಬ ಎಚ್ಚರಿಕೆಯನ್ನು ಲಿನಕ್ಸಿನ ಮಾಮೂಲು ಕೆಲಸದಲ್ಲಿ ಬಾರದಂತೆ ಮಾಡಿದರು. ಬೇಕೆನ್ನುವವರು ಕೇಳಿ ಪಡೆಯಬಹುದು. ಮಗಳ ಕಂಪನಿಯವರು ಕೇಳಿ ಪಡೆದಿದ್ದರು.

ನಾನು ಹಾಲು ಬಿಸಿ ಮಾಡಿ ತರುವಷ್ಟರಲ್ಲಿ ಪರದೆಯ ನೇರಳೆ ಬಣ್ಣ ಅರ್ಧಕ್ಕರ್ಧ ಮಾಯವಾಗಿತ್ತು.

"ಅಷ್ಟು ಬೇಗ ಸರಿಹೋಯ್ತಾ?"

"ಎಲ್ಲದಕ್ಕೂ ಶುರುನಲ್ಲೇ ಈಕ್ವಲ್ ಟು ಝೀರೋ ಹಾಕ್ತಾ ಇದ್ದೀನಿ. ಒಂದು ಬೆಲೆ ಕೊಟ್ಟ ಹಾಗಾಯ್ತಲ್ಲ, ಅದು ಬಾಯಿ ಮುಚ್ಚುತ್ತೆ" ಎಂದು ಕಣ್ಣುಜ್ಜಿಕೊಂಡಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು!

ಹಾಲಿನ ಲೋಟ ಮೇಜಿನ ಮೇಲಿಟ್ಟವಳು ಅಲ್ಲೇ ಕುಳಿತುಬಿಟ್ಟೆ. ಯಾರಿಗೂ ಹೇಳದ ಒಂದು ಸೊನ್ನೆ ನನ್ನ ಬಳಿಯೂ ಇತ್ತು.

ನಾನು ಕೆಲಸಕ್ಕೆ ಸೇರಿದ ಮೂರನೆಯ ವರ್ಷ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ಅಂದೇ ಸಂಜೆ ಮುಖ್ಯೋಪಾಧ್ಯಾಯರ ಮೇಜಿಗೆ ಹೋಗಬೇಕಿತ್ತು. ಎಂಟನೇ ತರಗತಿಯ ಒಬ್ಬ ಹುಡುಗಿಯ ಎರಡು ಕಾಲಂ ಖಾಲಿ ಇದ್ದವು. ಆ ಎರಡು ದಿನ ಅವಳು ಬಂದಿರಲಿಲ್ಲ. "ಖಾಲಿ ಬಿಡಬೇಡಿ, ಮೊತ್ತ ಕೂಡೋಕಾಗಲ್ಲ" ಎಂದರು ಗುಮಾಸ್ತರು. ಬಸ್ಸಿಗೆ ಹೊತ್ತಾಗಿತ್ತು. ಗೈರುಹಾಜರಿ ಎಂದು ಬರೆದರೆ ಯಾಕೆ, ಏನು ಎಂದು ಇನ್ನೊಂದು ವಿಚಾರಣೆ. ಎರಡು ಸೊನ್ನೆ ಬರೆದೆ. ಮೊತ್ತ ಕೂಡಿತು. ಯಾರೂ ಏನೂ ಕೇಳಲಿಲ್ಲ.

ಪ್ರೋಗ್ರೆಸ್ ಕಾರ್ಡು ಮನೆಗೆ ಹೋಯಿತು. ಆ ತಂದೆಗೆ ಹೆಚ್ಚು ಓದು ಬಾರದು. ಆದರೆ ಸೊನ್ನೆ ಯಾರಿಗೆ ತಾನೆ ಓದಲು ಬಾರದು? ರಜೆ ಮುಗಿದರೂ ಹುಡುಗಿ ಬರಲಿಲ್ಲ. ಹದಿನೈದು ದಿನ ಕಾದು ಮನೆ ಹುಡುಕಿಕೊಂಡು ಹೋದೆ. ಪರೀಕ್ಷೆಯ ಆ ಎರಡು ದಿನ ಅವಳ ತಾಯಿಗೆ ಹೆರಿಗೆಯಾಗಿತ್ತು, ಮನೆ ನೋಡಿಕೊಳ್ಳಲು ಇವಳೊಬ್ಬಳೇ ಇದ್ದದ್ದು ಎಂದು ಆಗ ಗೊತ್ತಾಯಿತು. ಹುಡುಗಿಯನ್ನು ಆಗಲೇ ಅಜ್ಜಿಯ ಊರಿಗೆ ಕಳಿಸಿಯಾಗಿತ್ತು. "ಓದು ಅವಳ ತಲೆಗೆ ಹತ್ತಲ್ಲ ಅಂತ ನೀವೇ ಬರ್ದು ಕಳಿಸಿದ್ರಲ್ಲ ಮೇಡಮ್ನೋರೇ" ಎಂದರು ತಂದೆ, ಕೋಪವಿಲ್ಲದೆ, ಚಾಪೆ ಹಾಸುತ್ತ. ಮರುದಿನ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಿಂದ ಆ ಸೊನ್ನೆಗಳನ್ನು ಹೊಡೆದು, ಗೈರುಹಾಜರಿ ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಿದೆ. ರಿಜಿಸ್ಟರು ಸರಿಹೋಯಿತು. ಹುಡುಗಿ ಮತ್ತೆ ನಮ್ಮ ಶಾಲೆಗೆ ಬರಲಿಲ್ಲ.

ಇದಿಷ್ಟನ್ನೂ ಹೇಳಿ, "ನಿನ್ನ ಕೆಲಸ ನಂಗೆ ಗೊತ್ತಾಗಲ್ಲ ಪುಟ್ಟಿ. ಆದ್ರೆ ಖಾಲಿ ಯಾಕಿದೆ ಅಂತ ಕೇಳದೆ ಸೊನ್ನೆ ಹಾಕಬೇಡ ಕಣೇ" ಎಂದೆ.

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹಾಕಿದ್ದ ಸೊನ್ನೆಗಳನ್ನೆಲ್ಲ ತೆಗೆದಳು. ನೇರಳೆ ಸಾಲುಗಳೆಲ್ಲ ಮರಳಿ ಬಂದವು. ಒಂದೊಂದನ್ನೇ ತೆರೆದು ಓದತೊಡಗಿದಳು. ಬಹಳಷ್ಟು ಅಜ್ಜಿಯ ಒಂಬತ್ತರ ಲೆಕ್ಕದವೇ. ಮುಂದೆ ಎಲ್ಲೋ ತುಂಬಿಯೇ ಬಳಸಿದ್ದರು, ಕಂಪೈಲರಿಗೆ ಅದು ಕಂಡಿರಲಿಲ್ಲ. ಅಂಥವನ್ನು ಅದಕ್ಕೂ ಅರ್ಥವಾಗುವಂತೆ ತಿರುಗಿಸಿ ಬರೆದಳು.

ರಾತ್ರಿ ಒಂದರ ಹೊತ್ತಿಗೆ "ಅಮ್ಮಾ, ಇಲ್ನೋಡು" ಎಂದಳು. ಯಂತ್ರದ ಪೆಟ್ಟಿಗೆಯೊಳಗೆ ಶಾಖ ಅಳೆಯುವ ಒಂದು ಚಿಪ್ಪು ಇದೆ. ಡ್ರೈವರು ಎರಡು ತಂತಿಗಳ ಮೂಲಕ ಅದನ್ನು ಕೇಳುತ್ತದೆ. ಚಿಪ್ಪು ಉತ್ತರ ಕೊಟ್ಟರೆ ವೇರಿಯಬಲ್ಲಿನಲ್ಲಿ ಡಿಗ್ರಿ ತುಂಬುತ್ತದೆ. ತಂತಿ ಸಡಿಲಾಗಿ ಉತ್ತರ ಬಾರದಿದ್ದರೆ ಆ ಜಾಗವನ್ನು ಯಾರೂ ಮುಟ್ಟುವುದಿಲ್ಲ, 'ತಪ್ಪಾಗಿದೆ' ಎಂಬ ಸಂಕೇತ ಮಾತ್ರ ಬರುತ್ತದೆ. ಹಿಂದೆ ಬರೆದವರು ಆ ಸಂಕೇತವನ್ನು ನೋಡಿಯೇ ಇರಲಿಲ್ಲ. ಜಾಗದಲ್ಲಿ ಏನಿತ್ತೋ ಅದನ್ನೇ ಶಾಖವೆಂದು ನಂಬಿ ಫ್ಯಾನು ತಿರುಗಿಸುತ್ತಿದ್ದರು. ಇವಳು ಹಾಕಿದ್ದ ಸೊನ್ನೆ ಉಳಿದಿದ್ದರೆ? ಸೊನ್ನೆ ಡಿಗ್ರಿ. ಪೆಟ್ಟಿಗೆಯೊಳಗೆ ಹಿಮಾಲಯ. ಫ್ಯಾನು ಯಾಕೆ ತಿರುಗಬೇಕು? ಒಳಗೆ ಸುಟ್ಟುಹೋಗುತ್ತಿದ್ದರೂ ಯಂತ್ರ ತಣ್ಣಗಿದ್ದೇನೆ ಎನ್ನುತ್ತಿತ್ತು. ಮೊದಲು ಯಾವತ್ತೋ ಒಮ್ಮೆ ಕಾಣಿಸುತ್ತಿದ್ದ ತಪ್ಪು ಇನ್ನು ಯಾವತ್ತೂ ಕಾಣಿಸುತ್ತಿರಲಿಲ್ಲ.

"ಇನ್ನೊಂದು ವಿಷ್ಯ ಗೊತ್ತಾಮ್ಮ? ಲಿನಕ್ಸಿನಲ್ಲಿ ಕೆಲಸ ಮುಗಿಸಿದ ಫಂಕ್ಷನ್ನು ಸೊನ್ನೆ ವಾಪಸು ಕೊಟ್ರೆ 'ಎಲ್ಲಾ ಸರಿಯಾಗಿದೆ' ಅಂತ ಅರ್ಥ. ತಪ್ಪಾಗಿದ್ರೆ ಮೈನಸ್ ಸಂಖ್ಯೆ ಬರುತ್ತೆ."

ನನ್ನ ರಿಜಿಸ್ಟರಿನಲ್ಲಿ ಸೊನ್ನೆ ಎಂದರೆ ಫೇಲು, ಅವಳ ರಿಜಿಸ್ಟರಿನಲ್ಲಿ ಪಾಸು. ಖಾಲಿ ಎಂಬುದು ಎರಡೂ ಅಲ್ಲ. ಮಗಳು ಆ ಸಂಕೇತವನ್ನು ಪರೀಕ್ಷಿಸುವಂತೆ ಬರೆದಳು. ಚಿಪ್ಪು ಮಾತನಾಡದಿದ್ದರೆ ತಪ್ಪನ್ನು ಮೇಲಿನವರಿಗೆ ತಿಳಿಸಬೇಕು, ಅಲ್ಲಿಯವರೆಗೆ ಫ್ಯಾನು ಪೂರ್ತಿ ವೇಗದಲ್ಲಿ ತಿರುಗಬೇಕು. ಮೂರ್ನಾಲ್ಕು ಸಾಲಿನ ಕೆಲಸ.

"ಕಂಪೈಲರೇ ಬೋರ್ಡು ಒರೆಸಿ ಕೊಟ್ರೆ ಆಗಲ್ವಾ?" ಎಂದು ಕೇಳಿದೆ. ಅದೂ ಈಗ ಉಂಟಂತೆ. 2022ರಲ್ಲಿ ಬಂದ ಜಿಸಿಸಿಯ 12ನೆಯ ಆವೃತ್ತಿಗೆ ಹೇಳಿಟ್ಟರೆ ತಾತ್ಕಾಲಿಕ ಜಾಗಗಳನ್ನೆಲ್ಲ ತಾನೇ ಸೊನ್ನೆ ಮಾಡಿಕೊಡುತ್ತದೆ. ಹಿಂದಿನವರ ಗುಟ್ಟು ಹೊರಬೀಳದಂತೆ ಅದು ಒಳ್ಳೆಯ ಕಾವಲು. ಆದರೆ ಹಾಗೆ ಒರೆಸಿದ ಮೇಲೂ ಕಂಪೈಲರ್ ಈ ಎಚ್ಚರಿಕೆಯನ್ನು ಬಿಡುವುದಿಲ್ಲವಂತೆ. ಕೇಳಿ ನನಗೆ ಆ ಕಂಪೈಲರಿನ ಮೇಲೆ ಗೌರವ ಬಂತು. ಬೋರ್ಡು ಒರೆಸುವುದು ಬೇರೆ, ಉತ್ತರ ಬರೆಯುವುದು ಬೇರೆ ಎಂಬುದು ಅದಕ್ಕೆ ಗೊತ್ತಿದೆ.

ಬೆಳಿಗ್ಗೆ ನಾನು ಎದ್ದಾಗ ಮೂರು ವಾರ್ನಿಂಗ್ ಉಳಿದಿದ್ದವು. ಅಲ್ಲಿ ಏನು ಇರಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಹಾಗೆಂದೇ ಮೇಲಿನವರಿಗೆ ಬರೆದು ಮಲಗಿದ್ದಳು. ಸಂಜೆಯೊಳಗೆ ಒಂದೂ ಇರಬಾರದೆಂದವರು ಏನೆನ್ನುತ್ತಾರೋ ಎಂದು ನನಗೇ ಅಳುಕಾಯಿತು. ಅವರು ಎರಡು ದಿನ ಹೆಚ್ಚು ಕೊಟ್ಟರು ಎಂದು ಆಮೇಲೆ ಫೋನಿನಲ್ಲಿ ತಿಳಿಯಿತು.

ರಜೆ ಮುಗಿಸಿ ಶಾಲೆಗೆ ಬಂದೆ. ದಸರೆಗೆ ಮುಂಚಿನ ಪರೀಕ್ಷೆಯ ಅಂಕಗಳನ್ನು ಈಗ ಕಂಪ್ಯೂಟರಿಗೆ ತುಂಬಿಸುತ್ತೇವೆ. ಹೊಸದಾಗಿ ಬಂದ ಟೀಚರೊಬ್ಬಳು ಕೀಲಿಮಣೆಯ ಮೇಲೆ ಬೆರಳಿಟ್ಟುಕೊಂಡೇ, "ಮೇಡಂ, ಈ ಹುಡುಗನ ಸಮಾಜದ ಮಾರ್ಕ್ಸೇ ಇಲ್ಲ. ಸೊನ್ನೆ ಹಾಕ್ಲಾ?" ಎಂದಳು.

"ತಡಿಯಮ್ಮ" ಎಂದೆ. "ಅವನನ್ನು ಕರೆಸು. ಯಾಕೆ ಬಂದಿರಲಿಲ್ಲ ಅಂತ ಮೊದಲು ಕೇಳೋಣ."