ಡೋಡೋ ಮತ್ತು ಎರೆಭೂತ

ಮಾರಿಷಸ್ ದ್ವೀಪದ ಡೋಡೋ ಹಾರಲಾರದ ಹಕ್ಕಿ. 1598ರಲ್ಲಿ ಡಚ್ ನಾವಿಕರು ಅಲ್ಲಿಗೆ ಬಂದಿಳಿದರು. ಹಡಗುಗಳೊಡನೆ ಬಂದ ಹಂದಿ, ಇಲಿಗಳು ಅದರ ಗೂಡುಗಳನ್ನು ಸೂರೆಗೈದವು. ಶತಮಾನವೊಂದು ತುಂಬುವ ಹೊತ್ತಿಗೆ ಡೋಡೋ ಅಳಿದುಹೋಗಿತ್ತು; ಪೆದ್ದು ಹಕ್ಕಿಯೆಂಬ ಅಪಖ್ಯಾತಿ ಮಾತ್ರ ಉಳಿಯಿತು. ವೈರಿಯನ್ನೇ ಕಂಡರಿಯದ ಜೀವಿಗೆ ಅಂಜಿಕೆ ಎಲ್ಲಿಂದ ಬರಬೇಕು?

ಬಳ್ಳಾರಿ ಸೀಮೆಯ ಎರೆಭೂತಕ್ಕಾದರೋ ಬಲವಾದ ರೆಕ್ಕೆಗಳಿವೆ. 15 ಕಿಲೋಗ್ರಾಂ ತೂಗುವ ಗಂಡುಹಕ್ಕಿಯೂ ಹಾರಬಲ್ಲದು. ಆದರೆ ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಎದುರಿನ ವಿದ್ಯುತ್ ತಂತಿ ತಡವಾಗಿ ಕಾಣುತ್ತದೆ. ಭಾರವಾದ ದೇಹವು ಥಟ್ಟನೆ ತಿರುಗದು. ಇಡುವುದು ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿಯ ನೆಲದ ಮೇಲೆ. ರಾಣೆಬೆನ್ನೂರಿನ ಹುಲ್ಲುಗಾವಲನ್ನು ನೀಲಗಿರಿ ತೋಪುಗಳು ಆವರಿಸಿದವು. ಅಲ್ಲಿ ಕೃಷ್ಣಮೃಗ ಉಳಿಯಿತು, ಎರೆಭೂತ ಉಳಿಯಲಿಲ್ಲ. ಈಗ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯ ಹಕ್ಕಿಗಳು ರೈತರ ಬೆಳೆಗಳ ನಡುವೆ ಮೇಯುತ್ತಿವೆ.