ಮೇಲೆ ಹೋಗುತ್ತಾ, ಕೆಳಗೆ ಹೋಗುತ್ತಾ?

ಜಿಗಣಿ ಇರುವುದು ಬೆಂಗಳೂರು ನಗರ ಜಿಲ್ಲೆಯಲ್ಲೇ. ಆದರೂ ಇಲ್ಲಿಯ ಜನ ಮನೆಯಿಂದ ಹೊರಡುವಾಗ ಹೇಳುವುದು ‘ಬೆಂಗ್ಳೂರಿಗೆ ಹೋಗ್ಬರ್ತೀನಿ’ ಅಂತಲೇ. ಅದರಲ್ಲಿ ತಪ್ಪೇನೂ ಇಲ್ಲ. ನಮ್ಮದು ಆನೇಕಲ್ ತಾಲ್ಲೂಕು, ನಮಗೆ ನಮ್ಮದೇ ಪುರಸಭೆ; ಮಹಾನಗರದ ಗಡಿ ನಮ್ಮನ್ನು ಮುಟ್ಟುವ ಮೊದಲೇ ನಿಂತುಬಿಟ್ಟಿದೆ. ಕಾರ್ಖಾನೆಯ ಕೆಲಸಕ್ಕೆಂದು ಒಡಿಶಾದಿಂದ ಬಂದ ಹುಡುಗ ಮಾತ್ರ ವಾರ ತುಂಬುವ ಮೊದಲೇ ಊರಿಗೆ ಫೋನು ಮಾಡಿ ತಾನು ಬೆಂಗಳೂರಿನಲ್ಲಿದ್ದೇನೆ ಎನ್ನುತ್ತಾನೆ. ಇಲ್ಲೇ ಹುಟ್ಟಿ ಇಲ್ಲೇ ತಲೆ ನರೆತ ಅಜ್ಜನವರು ಇನ್ನೂ ಬೆಂಗಳೂರಿಗೆ ಹೋಗಿ ಬರುತ್ತಲೇ ಇದ್ದಾರೆ. ಈ ವ್ಯಾಜ್ಯದಲ್ಲಿ ಇಬ್ಬರ ಪರವಾಗಿಯೂ ಸಾಕ್ಷಿ ಹೇಳುವುದು ಬಿಎಂಟಿಸಿ ಬಸ್ಸು. ಅದು ನಮ್ಮೂರಿಗೆ ಬರುವುದರಿಂದ ನಾವು ಬೆಂಗಳೂರಿನವರು. ಅದನ್ನು ಹತ್ತಿ ಅಷ್ಟು ಹೊತ್ತು ಕೂರಬೇಕಾಗಿರುವುದರಿಂದ ಬೆಂಗಳೂರಿನವರಲ್ಲ.

ಬೆಂಗಳೂರಿಗೆ ಹೋಗುವ ವಿಷಯದಲ್ಲಿ ಊರಿನಲ್ಲಿ ಎರಡು ಪಂಗಡಗಳಿವೆ. ಒಂದು ಬನ್ನೇರುಘಟ್ಟದ ಪಂಗಡ, ಇನ್ನೊಂದು ಬೊಮ್ಮಸಂದ್ರದ ಪಂಗಡ. ಜಿಗಣಿ ಈ ಎರಡರ ನಡುವೆ, ಎತ್ತ ಹೋದರೂ ಏಳೆಂಟು ಕಿಲೋಮೀಟರು ಎಂಬಂತೆ ಕೂತಿದೆ. ಪಡುವಣಕ್ಕೆ ಹೊರಟರೆ ಕೊಪ್ಪ ದಾಟಿ ಬನ್ನೇರುಘಟ್ಟ, ಅಲ್ಲಿಂದ ಗೊಟ್ಟಿಗೆರೆ, ಹುಳಿಮಾವು, ಅರೆಕೆರೆ ಗೇಟ್, ಜಯದೇವ, ಡೇರಿ ಸರ್ಕಲ್. ಮೂಡಣಕ್ಕೆ ಹೊರಟರೆ ಎಪಿಸಿ ಸರ್ಕಲ್‌ನಿಂದ ಲಿಂಕ್ ರೋಡು ಹಿಡಿದು ಬೊಮ್ಮಸಂದ್ರ, ಅಲ್ಲಿಂದ ಹೊಸೂರು ರಸ್ತೆ, ಎಲೆಕ್ಟ್ರಾನಿಕ್ ಸಿಟಿ, ಸಿಲ್ಕ್ ಬೋರ್ಡ್. ಎರಡೂ ಪಂಗಡದವರು ಒಂದೇ ಚಹಾದಂಗಡಿಯ ಮುಂದೆ ನಿಂತು, ತಮ್ಮ ದಾರಿಯಲ್ಲಿ ಹೋದರೆ ಅರ್ಧ ಗಂಟೆ ಉಳಿಯುತ್ತದೆಂದು ಆಣೆ ಇಟ್ಟು ಹೇಳಬಲ್ಲರು. ಹಾಗೆ ಆಣೆ ಇಡುವುದರಲ್ಲೇ ಅವರ ಅರ್ಧ ಗಂಟೆ ಹೋಗಿರುತ್ತದೆ.

ಬನ್ನೇರುಘಟ್ಟದ ಪಂಗಡ ಹಳಬರದು. ಅವರಿಗೆ 365 ಎಂಬ ಸಂಖ್ಯೆಯ ಮೇಲೆ ಒಂದು ನಂಬಿಕೆ. ಬಸ್ಸಿನ ಹಣೆಯ ಮೇಲೆ ಅದಿದ್ದರೆ ಬನ್ನೇರುಘಟ್ಟ ರಸ್ತೆಯ ಗಾಡಿ ಎಂದು ತಿಳಿದು ಕೈ ಅಡ್ಡ ಹಿಡಿಯುತ್ತಾರೆ. ಮುಂದಿನ ಅಕ್ಷರವನ್ನು ಕಂಡಕ್ಟರ್ ಹತ್ತಿರ ಕೇಳಿದರಾಯಿತು. ಈ ದಾರಿಯಲ್ಲಿ ಒಂದು ಬದಿಗೆ ಕಾಡಿನ ಗಾಳಿ ಇದೆ, ಚಂಪಕಧಾಮಸ್ವಾಮಿಯ ಗುಡಿಗೆ ಕೂತಲ್ಲಿಂದಲೇ ಕೈ ಮುಗಿಯಬಹುದು, ಕಿಟಕಿ ಪಕ್ಕದ ಸೀಟು ಸಿಕ್ಕರೆ ಇಳಿಯುವವರೆಗೂ ಬಸ್ಸು ಬದಲಿಸುವ ರಗಳೆ ಇಲ್ಲ. ತೊಂದರೆ ಇರುವುದು ಭಾನುವಾರ. 1974ರಲ್ಲಿ ರಾಷ್ಟ್ರೀಯ ಉದ್ಯಾನವಾದಾಗಿನಿಂದ ಬನ್ನೇರುಘಟ್ಟಕ್ಕೆ ಹುಲಿ ನೋಡಲು ಬರುವವರ ಸಂಖ್ಯೆ ಏರುತ್ತಲೇ ಇದೆ. ಆವತ್ತು ನಮ್ಮ ಬಸ್ಸಿನಲ್ಲಿ ನಿಲ್ಲಲು ಜಾಗ ಸಿಗುವುದಿಲ್ಲ. ಹುಲಿಗಿರುವಷ್ಟು ಜಾಗ ನಮಗೂ ಇದ್ದಿದ್ದರೆ ಎಂದು ಯಾರಾದರೂ ಗೊಣಗುವುದುಂಟು.

ಬೊಮ್ಮಸಂದ್ರದ ಪಂಗಡ ಕೆಲಸಕ್ಕೆ ಹೋಗುವವರದು. ಹೊಸೂರು ರಸ್ತೆಗೆ ಒಮ್ಮೆ ಬಿದ್ದುಬಿಟ್ಟರೆ ಬಸ್ಸಿಗೆ ಬರವಿಲ್ಲ ಎಂಬುದು ಅವರ ಸಿದ್ಧಾಂತ. ಆನೇಕಲ್ಲಿನದು ಬರುತ್ತದೆ, ಅತ್ತಿಬೆಲೆಯದು ಬರುತ್ತದೆ, ಚಂದಾಪುರದಿಂದ ಹೊರಟದ್ದು ಬರುತ್ತದೆ, ಗಡಿಯಾಚೆಯ ಹೊಸೂರಿನಿಂದ ತಮಿಳುನಾಡಿನ ಬಸ್ಸೂ ಬರುತ್ತದೆ. ಸಿದ್ಧಾಂತ ಸರಿ. ಆದರೆ ಆ ಹೊಸೂರು ರಸ್ತೆಗೆ ಬೀಳುವುದು ಹೇಗೆ? ನಡುವೆ ಲಿಂಕ್ ರೋಡ್ ಇದೆ.

ಜಿಗಣಿಯ ಲಿಂಕ್ ರೋಡನ್ನು ಬೆಳಗಿನ ಶಿಫ್ಟು ಶುರುವಾಗುವ ಹೊತ್ತಿಗೆ ನೋಡಬೇಕು. ಕೈಗಾರಿಕಾ ಪ್ರದೇಶದ ಎಲ್ಲ ಗೇಟುಗಳೂ ಒಂದೇ ಸಲ ಜನರನ್ನು ಒಳಗೆಳೆಯುತ್ತವೆ. ಮುಂದೆ ಗ್ರಾನೈಟ್ ಹೊತ್ತ ಲಾರಿ. ಕಲ್ಲು ಕೊಯ್ದು ಪಾಲಿಶ್ ಮಾಡುವ ಘಟಕಗಳಿಗೆ ಜಿಗಣಿ ಹೆಸರುವಾಸಿ. ಮನೆ ಕಟ್ಟಿಸುವವರು ಎಲ್ಲೆಲ್ಲಿಂದಲೋ ಇಲ್ಲಿಗೆ ಬಂದು ಹಲಗೆಗಳನ್ನು ಸವರಿ ನೋಡಿ ಹೋಗುತ್ತಾರೆ. ಆ ಲಾರಿಗೆ ಅವಸರವಿಲ್ಲ, ಕೋಟಿ ಕೋಟಿ ವರ್ಷ ನೆಲದೊಳಗಿದ್ದ ಸರಕಿಗೆ ಅವಸರ ಯಾತಕ್ಕೆ? ಅದರ ಹಿಂದೆ ಕಂಟೇನರ್, ಕಂಟೇನರಿನ ಹಿಂದೆ ಕಂಪನಿ ಬಸ್ಸು, ಅದರ ಹಿಂದೆ ಟೆಂಪೊ ಟ್ರಾವೆಲರ್, ಅದರ ಹಿಂದೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟೆಂಪೊ. ಇವೆಲ್ಲದರ ಸಂದಿಯಲ್ಲಿ ನುಗ್ಗುವುದು ಶೇರ್ ಆಟೊ. ‘ಬೊಮ್ಸಂದ್ರ, ಬೊಮ್ಸಂದ್ರ, ಬೊಮ್ಸಂದ್ರ’ ಎಂದು ಮೂರು ಸಲ ಕೂಗಿದರೆ ಅದರಲ್ಲಿ ಇನ್ನೂ ಮೂರು ಜನಕ್ಕೆ ಜಾಗವಿದೆ ಎಂದರ್ಥ. ಜಾಗ ಇರುವುದು ಕಣ್ಣಿಗೆ ಕಾಣಬೇಕೆಂದೇನಿಲ್ಲ. ಇಷ್ಟು ದೂರಕ್ಕೆ ಕಾಲು ಗಂಟೆಯೂ ಸಾಕು, ಸಂಜೆ ಮಳೆ ಹನಿಸಿದರೆ ಒಂದು ಗಂಟೆಯೂ ಸಾಲದು.

ಬಸ್ಸಿನೊಳಗಿನ ಪ್ರಪಂಚ ಬೇರೆ. ‘ಒಳಗೆ ನಡೀರಿ, ಮಧ್ಯ ಖಾಲಿ ಇದೆ’ ಎಂಬ ಕಂಡಕ್ಟರರ ಮಾತು ವೇದವಾಕ್ಯದಂತೆ ಬದಲಾಗದೆ ಉಳಿದಿದೆ. ‘ಮಾರ್ಕೆಟ್ಗೆ ಓಯ್ತದೇನಪ್ಪ?’ ಎಂದು ಅಜ್ಜಿ ಹೂವಿನ ಚೀಲವನ್ನು ಮೊದಲು ಒಳಗೆ ಹಾಕಿ ಆಮೇಲೆ ಕೇಳುತ್ತಾರೆ. ‘ಓಯ್ತದೆ ಹತ್ತಮ್ಮ, ಆಧಾರ್ ಕಾರ್ಡ್ ಇದ್ಯಾ?’ 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸುಗಳ ಸಂಭಾಷಣೆಗೆ ಸೇರಿದ ಪ್ರಶ್ನೆ ಇದು. ಅಜ್ಜಿ ಸೆರಗಿನ ಗಂಟಿನಿಂದ ಕಾರ್ಡು ತೆಗೆಯುತ್ತಾರೆ. ಹಿಂದೆ ಅದೇ ಗಂಟಿನಲ್ಲಿ ಚಿಲ್ಲರೆ ಇರುತ್ತಿತ್ತು. ಒಂದೇ ಸೀಟಿನಲ್ಲಿ ಒಂದೇ ಕಾರ್ಖಾನೆಯ ಇಬ್ಬರು ಹುಡುಗಿಯರು ಕೂತಿರುತ್ತಾರೆ. ಹಾಸನದವಳಿಗೆ ಸೊನ್ನೆ ರೂಪಾಯಿಯ ಟಿಕೆಟ್ಟು, ಅಸ್ಸಾಮಿನವಳಿಗೆ ದುಡ್ಡಿನ ಟಿಕೆಟ್ಟು, ಏಕೆಂದರೆ ಉಚಿತ ಪ್ರಯಾಣಕ್ಕೆ ಕರ್ನಾಟಕದ ವಿಳಾಸ ಬೇಕು. ಇಬ್ಬರೂ ಒಂದೇ ಮೊಬೈಲಿನಲ್ಲಿ ಒಂದೇ ಸಿನಿಮಾದ ಹಾಡು ನೋಡುತ್ತಾ, ಒಂದೊಂದು ಕಿವಿಗೆ ಒಂದೊಂದು ಎಳೆ ಸಿಕ್ಕಿಸಿಕೊಂಡು ಹೋಗುತ್ತಾರೆ.

ಹೊಸೂರು ರಸ್ತೆ ಮುಟ್ಟಿದ ಮೇಲೆ ಇನ್ನೊಂದು ಪ್ರಶ್ನೆ ಹುಟ್ಟುತ್ತದೆ. ಬಸ್ಸು ನಿಂತ ಕೂಡಲೇ ಜನ ಓಡಿಬಂದು ಕೇಳುವುದು ಎಲ್ಲಿಗೆ ಹೋಗುತ್ತದೆಂದಲ್ಲ. ‘ಮೇಲೆ ಹೋಗುತ್ತಾ, ಕೆಳಗೆ ಹೋಗುತ್ತಾ?’ ಎಂದು. ಹೊರಗಿನವರಿಗೆ ಇದು ಸ್ವರ್ಗ ನರಕಗಳ ವಿಚಾರಣೆಯಂತೆ ಕೇಳಿಸಬಹುದು. ವಿಷಯ ಅಷ್ಟು ದೂರದ್ದಲ್ಲ. ಎಲೆಕ್ಟ್ರಾನಿಕ್ ಸಿಟಿಗೂ ಸಿಲ್ಕ್ ಬೋರ್ಡಿಗೂ ನಡುವೆ ಸುಮಾರು ಹತ್ತು ಕಿಲೋಮೀಟರಿನ ಮೇಲ್ಸೇತುವೆ 2010ರ ಜನವರಿಯಲ್ಲಿ ತೆರೆಯಿತು. ಮೇಲೆ ಹೋದ ಬಸ್ಸು ಬೊಮ್ಮನಹಳ್ಳಿಯಲ್ಲಾಗಲಿ ಕೂಡ್ಲು ಗೇಟಿನಲ್ಲಾಗಲಿ ನಿಲ್ಲುವುದಿಲ್ಲ. ಕೆಳಗೆ ಹೋದದ್ದು ಎಲ್ಲ ಕಡೆಯೂ ನಿಲ್ಲುತ್ತದೆ, ಸ್ಟಾಪಿಲ್ಲದ ಕಡೆ ಇನ್ನೂ ಹೆಚ್ಚು ಹೊತ್ತು ನಿಲ್ಲುತ್ತದೆ. ಸಿಂಗಸಂದ್ರದಲ್ಲಿ ಇಳಿಯಬೇಕಾದವರು ಈ ಪ್ರಶ್ನೆ ಕೇಳದೆ ಹತ್ತಿದರೆ ತಮ್ಮ ಸ್ಟಾಪನ್ನು ಮೇಲಿನಿಂದ ನೋಡುತ್ತಾ ಸಿಲ್ಕ್ ಬೋರ್ಡ್ ತಲುಪುತ್ತಾರೆ.

2025ರ ಆಗಸ್ಟ್ 10ರಂದು ಈ ಪ್ರಶ್ನೆಗೆ ಮೂರನೇ ಉತ್ತರವೊಂದು ಸೇರಿತು. ನಮ್ಮ ಮೆಟ್ರೊದ ಹಳದಿ ಮಾರ್ಗವನ್ನು ಪ್ರಧಾನಿ ಉದ್ಘಾಟಿಸಿದರು. ಮಾರನೆಯ ದಿನದಿಂದ ಜನ ಹತ್ತಿದರು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19.15 ಕಿಲೋಮೀಟರ್, 16 ನಿಲ್ದಾಣ. 2014ರಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಎರಡನೇ ಹಂತದ ಕೂಸು ಇದು. ಆ ವರ್ಷ ಹುಟ್ಟಿದ ಮಕ್ಕಳು ಐದನೇ ಕ್ಲಾಸಿಗೆ ಬಂದ ಮೇಲೆ ರೈಲು ಬಂತು. ರೈಲು ಬಂತು ಎಂದರೂ ಮೊದಲಿಗೆ ಬಂದದ್ದು ಮೂರೇ ರೈಲು, ಇಪ್ಪತ್ತೈದು ನಿಮಿಷಕ್ಕೊಂದು. ಆಮೇಲೆ ಒಂದೊಂದೇ ರೈಲು ಸೇರಿ ಕಾಯುವ ಹೊತ್ತು ಇಳಿಯುತ್ತಾ ಬಂತು.

ಈ ರೈಲಿಗೆ ಚಾಲಕ ಬೇಕಿಲ್ಲದ ತಂತ್ರಜ್ಞಾನವಿದೆ ಎಂಬ ಸುದ್ದಿ ಜಿಗಣಿಯಲ್ಲಿ ರೈಲಿಗಿಂತ ಮೊದಲೇ ಬಂದಿತ್ತು. ಬಸ್ಸಿನಲ್ಲಿ ಎಂಜಿನ್ ಪಕ್ಕದ ಸೀಟು ಹಿಡಿದು ಡ್ರೈವರ್ ಜೊತೆ ಮಳೆ ಬೆಳೆ ಮಾತಾಡಿಕೊಂಡು ಹೋಗುವ ಹಿರಿಯರಿಗೆ ಅದು ಸಮಾಧಾನದ ಸುದ್ದಿಯಾಗಿರಲಿಲ್ಲ. ‘ಯಾರೂ ಇಲ್ದಿದ್ರೆ ನಿಲ್ಸು ಅಂತ ಯಾರಿಗೇಳೋದು?’ ಎಂದು ಕೇಳಿದವರಿದ್ದಾರೆ. ಈಗ ಅವರೂ ಕಿಟಕಿಯ ಗಾಜಿನ ಹತ್ತಿರ ನಿಂತು ಹೊರಗೆ ನೋಡುತ್ತಾರೆ. ಬೊಮ್ಮಸಂದ್ರದಿಂದ ಹೊರಟರೆ ಹೆಬ್ಬಗೋಡಿ, ಹುಸ್ಕೂರು ರಸ್ತೆ, ಕೋನಪ್ಪನ ಅಗ್ರಹಾರ, ಎಲೆಕ್ಟ್ರಾನಿಕ್ ಸಿಟಿ, ಬೆರಟೇನ ಅಗ್ರಹಾರ, ಹೊಸ ರೋಡ್ ಎಂದು ಊರುಗಳು ಒಂದೊಂದಾಗಿ ಕಿಟಕಿಯ ಕೆಳಗೆ ಹಾಯುತ್ತವೆ. 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್‌ನ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗರ ಕನಸಿನಂತೆ ಆ ಸರ್ಕಾರಿ ಸಂಸ್ಥೆ ಎಲೆಕ್ಟ್ರಾನಿಕ್ ಸಿಟಿಗೆ 332 ಎಕರೆ ಹಿಡಿದದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ. ಅಷ್ಟೆಲ್ಲ ಕಂಪನಿಗಳ ಬಾಗಿಲಿಗೆ ರೈಲು ಬರಲು ನಾಲ್ಕು ದಶಕಕ್ಕೂ ಹೆಚ್ಚು ಹಿಡಿಯಿತು.

ಈ ಮಾರ್ಗದ ನಿಲ್ದಾಣಗಳ ಹೆಸರೂ ಸ್ವಾರಸ್ಯದವು. ಕಂಪನಿಗಳು ಮತ್ತು ಅವುಗಳ ಪ್ರತಿಷ್ಠಾನಗಳು ನಿಲ್ದಾಣಕ್ಕೆ ಹಣ ಕೊಟ್ಟಿರುವುದರಿಂದ ಊರಿನ ಜೊತೆಗೆ ಅವುಗಳ ಹೆಸರೂ ಸೇರಿದೆ: ಇನ್ಫೋಸಿಸ್ ಫೌಂಡೇಷನ್ ಕೋನಪ್ಪನ ಅಗ್ರಹಾರ, ಬಯೋಕಾನ್ ಹೆಬ್ಬಗೋಡಿ, ಡೆಲ್ಟಾ ಎಲೆಕ್ಟ್ರಾನಿಕ್ಸ್ ಬೊಮ್ಮಸಂದ್ರ. ಕೊಟ್ಟವರ ಹೆಸರು ಹಾಕುವುದು ನಮಗೆ ಹೊಸದಲ್ಲ. ಗುಡಿಯ ಗಂಟೆಯ ಮೇಲೂ ಹಾಕಿರುತ್ತೇವೆ. ಆದರೆ ಶೇರ್ ಆಟೊದವನ ಬಾಯಲ್ಲಿ ಇನ್ನೂ ಬೊಮ್ಸಂದ್ರವೇ. ಅವನಿಗೆ ಉಸಿರು ಮುಖ್ಯ.

ಮೆಟ್ರೊದಲ್ಲಿ ಎಲ್ಲವೂ ಚೊಕ್ಕ. ಸಿಲ್ಕ್ ಬೋರ್ಡಿನ ಸಿಗ್ನಲ್ ಮೇಲೆ ತೇಲಿಹೋಗುವಾಗ ಕೆಳಗಿನ ವಾಹನಗಳ ಸಾಲನ್ನು ನೋಡಿ ಮರುಕಪಡುವ ಸುಖ ಬೇರೆಲ್ಲೂ ಇಲ್ಲ. ಅಲ್ಲಿಂದ ರಾಗಿಗುಡ್ಡದವರೆಗೆ 3.3 ಕಿಲೋಮೀಟರು ಎರಡಂತಸ್ತಿನ ಸೇತುವೆ: ನೆಲದಲ್ಲಿ ರಸ್ತೆ, ಅದರ ಮೇಲೆ ರಸ್ತೆ, ಅದರ ಮೇಲೆ ನಾವು. ಹೃದಯ ತೋರಿಸಿಕೊಳ್ಳಲು ಜಯದೇವಕ್ಕೆ ಹೋಗುವ ಆನೇಕಲ್ ಕಡೆಯ ರೋಗಿಗಳಿಗೆ ಆಸ್ಪತ್ರೆಯ ಹೆಸರಿನ ನಿಲ್ದಾಣವೇ ಬಂದಿದೆ. ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಮೆಜೆಸ್ಟಿಕ್. ಅಲ್ಲಿ ಹಸಿರು, ನೇರಳೆ ಮಾರ್ಗಗಳಲ್ಲಿ ಕನ್ನಡದ ಪ್ರಕಟಣೆಯಾಗಿ ನಾವು ವರ್ಷಗಟ್ಟಲೆ ಕೇಳಿಸಿಕೊಂಡದ್ದು ಅಪರ್ಣಾ ಅವರ ದನಿ. 2024ರ ಜುಲೈಯಲ್ಲಿ ಅವರು ತೀರಿಕೊಂಡಾಗ, ಒಮ್ಮೆಯೂ ಅವರನ್ನು ಭೇಟಿಯಾಗದ ಎಷ್ಟೋ ಪ್ರಯಾಣಿಕರಿಗೆ ಪರಿಚಿತರೊಬ್ಬರು ಹೋದಂತಾಯಿತು.

ಹಾಗಾದರೆ ಎಲ್ಲರೂ ರೈಲು ಹತ್ತಿದರೇ? ಇಲ್ಲ. ಶುರುವಾದಾಗ ಬೊಮ್ಮಸಂದ್ರದಿಂದ ಆರ್.ವಿ. ರಸ್ತೆಗೆ ಟಿಕೆಟ್ 60 ರೂಪಾಯಿ. ಕಂಪ್ಯೂಟರಿನ ಮುಂದೆ ಕೂರುವವರಿಗೆ ಅದು ಉಳಿತಾಯ. ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೆ, ಕೆಳಗೆ ಬಸ್ಸು ಉಚಿತವಾಗಿರುವಾಗ, ಅದು ನಾಳೆಯ ತರಕಾರಿ. ಹೀಗಾಗಿ ಹೊಸೂರು ರಸ್ತೆಯಲ್ಲಿ ಮೇಲೆ ಹೋಗುವವರು ಯಾರು, ಕೆಳಗೆ ಹೋಗುವವರು ಯಾರು ಎಂಬುದನ್ನು ನಿರ್ಧರಿಸುವುದು ದಾರಿಯಲ್ಲ, ಸಂಬಳ. ಹೂವಿನ ಚೀಲದ ಅಜ್ಜಿಗೂ ಬಸ್ಸೇ ಆಗಬೇಕು. ಮಾರ್ಕೆಟ್ಟಿನಲ್ಲಿ ಚೀಲ ಇಳಿಸಿಕೊಡಲು ಒಂದು ಕೈ ಬೇಕು, ಬಸ್ಸಿನಲ್ಲಿ ಆ ಕೈ ಯಾರದಾದರೂ ಸಿಗುತ್ತದೆ.

ನಿಜವಾದ ರೈಲು, ಅಂದರೆ ಕೂಗುವ ರೈಲು, ನಮಗೆ ಇನ್ನೂ ಆಚೆ. ಬೆಂಗಳೂರು–ಹೊಸೂರು–ಸೇಲಂ ಹಳಿ ಚಂದಾಪುರದ ಬಳಿಯ ಹೀಲಲಿಗೆಯ ಮೇಲೆ ಹಾದುಹೋಗುತ್ತದೆ. ಅದರ ಮುಂದಿನದು ಆನೇಕಲ್ ರೋಡ್; ಹೆಸರಿನಲ್ಲಿ ರೋಡ್ ಇರುವ ಎಲ್ಲ ನಿಲ್ದಾಣಗಳಂತೆ ಅದೂ ಊರಿನಿಂದ ದೂರ. ಹೀಲಲಿಗೆಯಿಂದ ರಾಜಾನುಕುಂಟೆಯವರೆಗೆ ಸುಮಾರು 46 ಕಿಲೋಮೀಟರಿನ ಉಪನಗರ ರೈಲಿನ ಯೋಜನೆಯೂ ಇದೆ. 2022ರ ಜೂನ್ 20ರಂದು ಇಡೀ ಯೋಜನೆಗೆ ಶಂಕುಸ್ಥಾಪನೆಯಾಯಿತು. ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರು: ಸಂಪಿಗೆ, ಮಲ್ಲಿಗೆ, ಪಾರಿಜಾತ, ನಮ್ಮ ಕಡೆಯದು ಕನಕ. ಹೆಸರಿನ ಹೂವು ಬಿಡಿಸಿಯಾಗಿದೆ, ಹಾರ ಕಟ್ಟುವುದು ಬಾಕಿ.

ಇಷ್ಟೆಲ್ಲ ಆದ ಮೇಲೂ ಜಿಗಣಿಯವರ ಪ್ರಯಾಣದ ಅಳತೆ ಬದಲಾಗಿಲ್ಲ. ಬೊಮ್ಮಸಂದ್ರದಿಂದ ಆರ್.ವಿ. ರಸ್ತೆಗೆ ಹತ್ತೊಂಬತ್ತು ಕಿಲೋಮೀಟರನ್ನು ರೈಲು ಮುಕ್ಕಾಲು ಗಂಟೆಯೊಳಗೆ ಮುಗಿಸುತ್ತದೆ. ಜಿಗಣಿಯಿಂದ ಬೊಮ್ಮಸಂದ್ರಕ್ಕೆ ಏಳೆಂಟು ಕಿಲೋಮೀಟರಿಗೆ ಎಷ್ಟು ಹೊತ್ತೆಂದು ಹೇಳುವ ಧೈರ್ಯ ಯಾವ ಪಂಗಡಕ್ಕೂ ಇಲ್ಲ. ಸಾವಿರಾರು ಕೋಟಿಯ ಹಳಿ ಎಲ್ಲಿ ಮುಗಿಯುತ್ತದೋ ಅಲ್ಲಿ ನಮ್ಮ ನಿಜವಾದ ದಾರಿ ಶುರುವಾಗುತ್ತದೆ. ಅದನ್ನು ದಾಟಿಸುವುದು ಹೊಸ ಹಳಿಯಲ್ಲ, ಹೊತ್ತಿಗೆ ಬರುವ ಒಂದು ಬಸ್ಸು. ಮೆಟ್ರೊ ನಿಲ್ದಾಣಗಳಿಂದ ಎಂಎಫ್ ಎಂಬ ಗುರುತು ಹೊತ್ತು ಓಡುವ ಫೀಡರ್ ಬಸ್ಸುಗಳ ಏರ್ಪಾಡು ಬಿಎಂಟಿಸಿಯಲ್ಲಿ ಇದ್ದೇ ಇದೆ. ಅದರಲ್ಲಿ ಜಿಗಣಿಯ ಪಾಲನ್ನು ಗಡಿಯಾರಕ್ಕೆ ಕಟ್ಟಿಹಾಕಬೇಕು. ರೈಲು ಬಂದು ನಿಲ್ಲುವ ಹೊತ್ತಿಗೆ ಕೆಳಗೆ ನಮ್ಮ ಬೋರ್ಡಿನ ಬಸ್ಸೊಂದು ನಿಂತಿರಲಿ, ರಾತ್ರಿಯ ಕೊನೆಯ ರೈಲಿಗೂ ಒಂದಿರಲಿ, ಎರಡನೇ ಶಿಫ್ಟು ಬಿಡುವ ಹೊತ್ತಿಗೆ ಲಿಂಕ್ ರೋಡಿನಲ್ಲಿ ಇನ್ನೊಂದಿರಲಿ. ಕೇಳುತ್ತಿರುವುದು ಇಷ್ಟೇ, ಇದಕ್ಕೆ ಶಂಕುಸ್ಥಾಪನೆ ಬೇಕಾಗಿಲ್ಲ.